ದಿನ್ನೆಯ ನೆಲಕ್ಕೆ ಮಾಲೀಕರಿಲ್ಲ

ನವನಗರ, ಬಾಗಲಕೋಟೆ
೧೪ ಆಗಸ್ಟ್ ೨೦೨೪

ಕಾರ್ಯದರ್ಶಿ,
ಹುಚ್ಚವ್ವನ ದಿನ್ನೆ ಭೂಮಿ ಮಂಡಳಿ,
ಹುನಗುಂದ–ಇಳಕಲ್ ರಸ್ತೆ ಇವರಿಗೆ,

ನಿಮ್ಮ ಕಾಗದ ಮುಟ್ಟಿತು. ‘ನಿಮ್ಮ’ ಎಂದು ಬರೆಯುವಾಗ ಕೈ ತಡೆಯಿತು, ಸುರೇಖಾ. ನಾಲ್ಕನೆಯ ಇಯತ್ತೆಯಿಂದ ಒಂದೇ ಡಬ್ಬಿಯಲ್ಲಿ ರೊಟ್ಟಿ ತಿಂದವಳಿಗೆ ಬಹುವಚನ ಹಚ್ಚುವುದು ಸುಲಭವಲ್ಲ. ಆದರೆ ನೀನು ಜಾವಕ ನಂಬರ್ ಹಾಕಿ, ಸಿಕ್ಕಾ ಒತ್ತಿ, ‘ಶ್ರೀಮತಿ ತಬಸುಮ ಇವರಿಗೆ’ ಎಂದು ಕಳಿಸಿರುವಾಗ ನಾನೊಬ್ಬಳೇ ಯಾಕೆ ಪ್ರೀತಿ ತೋರಿಸಲಿ?

ಈ ಕಾಗದವನ್ನು ನೀನು ಅಮವಾಸ್ಯೆಯ ಸಭೆಯಲ್ಲಿ ಬೇವಿನ ಮರದ ಕೆಳಗೆ ಎಲ್ಲರ ಮುಂದೆ ಓದುತ್ತೀ ಎಂಬುದು ನನಗೆ ಗೊತ್ತು. ನೆಲದ ಮಾತು ಬರೆದ ಯಾವ ಕಾಗದವೇ ಆಗಲಿ, ಕಂಬಳಿಯ ಮೇಲೆ ಕುಳಿತವರೆಲ್ಲರಿಗೂ ಕೇಳುವಂತೆ ಓದಬೇಕು ಎನ್ನುವುದು ನಿನ್ನ ಅಜ್ಜಿ ಹುಚ್ಚವ್ವ ಆಯಿಯ ನಿಯಮ. ಹಾಗಾಗಿ ಆಯಿಗೂ ಅರ್ಥವಾಗುವ ಹಾಗೆ ಬರೆಯುತ್ತೇನೆ.

ಹದಿನೇಳನೆಯ ನಂಬರಿನ ಮನೆ ನನ್ನ ಅಬ್ಬಾ ಜಾಫರಸಾಬ ಮತ್ತು ಅಮ್ಮಿ ಕಾಸಿಂಬಿ ಕಟ್ಟಿದ್ದು. ಅಬ್ಬಾ ಹಗಲು ಮಗ್ಗದ ಕುಣಿಯಲ್ಲಿ ಕುಳಿತು ಸೀರೆ ನೇಯುತ್ತಿದ್ದರು, ಸಂಜೆ ಗೋಡೆಗೆ ನೀರು ಹೊಡೆಯುತ್ತಿದ್ದರು. ಅಮ್ಮಿ ತೀರಿಕೊಂಡ ಮೇಲೆ ಗುತ್ತಿಗೆ ನನ್ನ ಹೆಸರಿಗೆ ಬಂತು. ನನ್ನ ನೌಕರಿ ಬಾಗಲಕೋಟೆಯ ದವಾಖಾನೆಯಲ್ಲಿ. ಅಲ್ಲಿ ಬಂದು ಇರಲು ಆಗುವುದಿಲ್ಲ. ವರ್ಷಕ್ಕಿಂತ ಹೆಚ್ಚು ಮನೆ ಖಾಲಿ ಇಟ್ಟರೆ ಮಂಡಳಿಗೆ ಮರಳಿಸಬೇಕು ಎಂದು ನಿಮ್ಮ ಕಾಗದ ಹೇಳುತ್ತದೆ. ಮರಳಿಸಿದರೆ ಗೋಡೆ, ಚಾವಣಿ, ಬಾಗಿಲಿನ ಬೆಲೆ ಸೇರಿ ನಾಲ್ಕು ಲಕ್ಷ ಹತ್ತು ಸಾವಿರ. ನೆಲದ್ದು ಸೊನ್ನೆ, ಯಾಕೆಂದರೆ ನೆಲ ನನ್ನದಲ್ಲ, ಮಂಡಳಿಯದು.

ನಿಮ್ಮ ಎದುರಿಗೆ, ರಸ್ತೆಯ ಆಚೆ ದಂಡೆಗೆ, ಒಂದು ಜಾಲಿ ಗಿಡವೂ ಇಲ್ಲದ ಖಾಲಿ ಪ್ಲಾಟಿಗೆ ಹದಿನೆಂಟು ಲಕ್ಷ ನಡೆದಿದೆ. ರಸ್ತೆ ದಾಟಿದರೆ ಬಂಗಾರ, ಈಚೆ ಬಂದರೆ ಮಣ್ಣು. ಇದು ಯಾವ ನ್ಯಾಯ?

ಎಂಟು ವರ್ಷದಲ್ಲಿ ಇದು ನನ್ನ ಐದನೆಯ ಬಾಡಿಗೆ ಮನೆ. ಒಬ್ಬ ಮಾಲೀಕ ನಮ್ಮ ಹೆಸರು ಕೇಳಿ, ಅದೇ ಉಸಿರಿನಲ್ಲಿ, ಮನೆ ನಿನ್ನೆಯೇ ಹೋಯಿತು ಎಂದ. ನಾನೂ ನನ್ನ ಗಂಡ ಜಹಾಂಗೀರನೂ ಸೇರಿ ದುಡಿದದ್ದು ಏರುವ ಮೊದಲೇ ಇಲ್ಲಿಯ ಪ್ಲಾಟಿನ ಬೆಲೆ ಏರಿರುತ್ತದೆ. ನೀವೆಲ್ಲ ನಾಲ್ಕು ಎಕರೆಯಲ್ಲಿ ಪುಣ್ಯವಂತರಾಗಿ ಕುಳಿತಿದ್ದೀರಿ. ನಾನು ಅದರ ಹೊರಗಿನ ಊರಿನಲ್ಲಿ ಬದುಕಬೇಕು. ಇಲ್ಲಿ ನಿಮ್ಮ ಪುಣ್ಯ ನಡೆಯುವುದಿಲ್ಲ, ರೊಕ್ಕ ನಡೆಯುತ್ತದೆ.

ಪೇಟೆಯ ಬೆಲೆ ಕೊಡಿ, ಇಲ್ಲವೇ ನನ್ನ ಮನೆಯ ಕೆಳಗಿನ ನೆಲ ನನ್ನ ಹೆಸರಿಗೆ ಮಾಡಿ.

ಅರ್ಜಿದಾರಳು,
ತಬಸುಮ, ಜಾಫರಸಾಬನ ಮಗಳು


ಹುಚ್ಚವ್ವನ ದಿನ್ನೆ
೩ ಸೆಪ್ಟೆಂಬರ್ ೨೦೨೪

ತಬಸುಮ,

ನಿನ್ನೆ ನಿನ್ನ ಕಾಗದ ಓದಿದೆ. ಒಂದಕ್ಷರ ಬಿಡಲಿಲ್ಲ. ‘ಪುಣ್ಯವಂತರಾಗಿ ಕುಳಿತಿದ್ದೀರಿ’ ಎಂಬಲ್ಲಿ ನನಗೆ ಮೈ ಉರಿಯಿತು, ಆದರೂ ಧ್ವನಿ ಇಳಿಸದೆ ಓದಿದೆ.

ಗ್ರಾನೈಟ್ ಪಾಲಿಶ್ ಮಾಡುವ ಹುಲ್ಲಪ್ಪ ಎದ್ದು ನಿಂತು ‘ಆಕಿ ಹೇಳೂದು ಖರೇನ ಐತೆಲ್ರಿ. ನಾಳೆ ನಮ್ಮ ಮಕ್ಕಳೂ ಇದನ್ನ ಕೇಳ್ತಾವ’ ಅಂದ. ನಾಲ್ಕೈದು ತಲೆ ಆಡಿದವು. ಲಲಿತಾ ಮಾತ್ರ ‘ಆಕಿಗೆ ಹದಿನೆಂಟ ಕೊಟ್ರ ಆಕಿ ಮನಿಗೆ ಬರಾವ್ರು ಹದಿನೆಂಟ ಎಲ್ಲಿಂದ ತರಬೇಕವಾ?’ ಎಂದು ಕೇಳಿದಳು. ಆಯಿ ಕಣ್ಣು ಮುಚ್ಚಿಕೊಂಡೇ ಕೇಳಿ, ಕೊನೆಗೆ ಅಂದಳು: ‘ಸಿಟ್ಟ ಐತಿ ಹುಡಿಗಿಗೆ. ಸಿಟ್ಟ ಇರೂತನಕಾ ನಮ್ಮಾಕಿ.’

ನಾನು ಅಷ್ಟು ದೊಡ್ಡವಳಲ್ಲ, ನೇರವಾಗಿ ಹೇಳುತ್ತೇನೆ. ನಿನಗೆ ನಾಚಿಕೆಯಾಗಬೇಕು. ನೆಲಕ್ಕೆ ಬೆಲೆ ಕಟ್ಟಬಾರದು ಎಂಬ ಈ ನಿಯಮ ಬರೆಸಿದವರು ಯಾರು? ನಿನ್ನ ಅಬ್ಬಾ. ೨೦೦೫ರಲ್ಲಿ ಇಳಕಲ್ಲಿನ ಬಾಡಿಗೆ ಚಾಳವನ್ನು ಮಾಲೀಕ ಮಾರಿದಾಗ ಮೂವತ್ತು ನೇಕಾರರ ಮನೆ ಬೀದಿಗೆ ಬಂತು. ಮಗ್ಗ ಬಿಚ್ಚಿ ಗಾಡಿಗೆ ಹಾಕಬಹುದು, ಕುಣಿಯನ್ನು ಹೊತ್ತು ತರಲು ಬರುವುದಿಲ್ಲ ಎಂದು ನಮ್ಮ ಅಂಗಳದಲ್ಲಿ ಕುಳಿತು ಜಾಫರಸಾಬ ಕಾಕಾ ಅತ್ತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೀನೂ ನೋಡಿದ್ದೀ.

ಆಯಿಯ ಕಥೆ ನಿನಗೆ ಗೊತ್ತು. ಗಂಡ ಸತ್ತ ವರ್ಷವೇ ಮೈದುನರು ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹತ್ತು ಎಕರೆಯಲ್ಲಿ ಆರು ಎಕರೆ ನುಂಗಿದರು. ಕಾಗದದಲ್ಲಿ ಏನಿದೆ ಎಂದು ಯಾರೂ ಓದಿ ಹೇಳಲಿಲ್ಲ. ಉಳಿದ ನಾಲ್ಕನ್ನು ಅವಳು ಮಾರಲಿಲ್ಲ, ಹಂಚಲೂ ಇಲ್ಲ. ‘ಹಂಚಿದರ ನೀವು ಮಾರತೀರಿ, ನಿಮ್ಮ ಮ್ಯಾಲೆ ನನಗ ನಂಬಿಕಿ ಇಲ್ಲ’ ಎಂದು ನಮ್ಮ ಮನೆಯವರ ಮುಖಕ್ಕೇ ಹೇಳಿದಳು. ನೆಲ ಯಾರೊಬ್ಬರ ಹೆಸರಿಗೂ ಇರದ ಹಾಗೆ ಮಂಡಳಿಗೆ ಬಿಟ್ಟಳು. ಮನೆ ನಮ್ಮದು, ನೆಲ ಮಂಡಳಿಯದು, ತೊಂಬತ್ತೊಂಬತ್ತು ವರ್ಷದ ಗುತ್ತಿಗೆ. ಕೊಟ್ಟವಳೇ ಇಪ್ಪತ್ತು ವರ್ಷದಿಂದ ಆ ನೆಲಕ್ಕೆ ವರ್ಷದ ಬಾಡಿಗೆ ಕಟ್ಟುತ್ತ ಒಂದನೆಯ ನಂಬರಿನ ಮನೆಯಲ್ಲಿ ಕುಳಿತಿದ್ದಾಳೆ. ನಿನಗೆ ಅದು ಪುಣ್ಯದ ಆಟವಾಗಿ ಕಾಣುತ್ತದೆ.

ಮಂಡಳಿಯ ಉತ್ತರ: ಆಗುವುದಿಲ್ಲ. ನೆಲ ಹೆಸರಿಗೆ ಬೇಕಿದ್ದರೆ ಕರಾರಿನಲ್ಲಿ ದಾರಿ ಒಂದೇ. ನಲವತ್ತೊಂದು ಮನೆಗಳಲ್ಲಿ ಮೂವತ್ತೊಂದು ಒಪ್ಪಿದರೆ ಮಂಡಳಿಯನ್ನೇ ಮುರಿಯಬಹುದು. ಅದೂ ಬರೀ ಸಹಿ ಸಾಲದು, ಸಭೆಯಲ್ಲಿ ಹೆಸರು ಹೆಸರು ಓದಿ ಹೌದು ಅನ್ನಿಸಿಕೊಳ್ಳಬೇಕು. ಧೈರ್ಯವಿದ್ದರೆ ಅದನ್ನು ಮಾಡು.

ಕಾರ್ಯದರ್ಶಿಯಾಗಿಯೂ, ಸುರೇಖಾ ಆಗಿಯೂ ಬರೆದದ್ದು,
ಸುರೇಖಾ


ನವನಗರ
೧೧ ಸೆಪ್ಟೆಂಬರ್ ೨೦೨೪

ಸುರೇಖಾ,

ಧೈರ್ಯವಿದ್ದರೆ ಮಾಡು ಅಂದೆ. ಆ ಕೆಲಸವನ್ನು ಬೇರೆಯವರು ಆಗಲೇ ಮಾಡುತ್ತಿದ್ದಾರೆ. ನಿನ್ನ ಸ್ವಂತ ತಮ್ಮ.

ಮುತ್ತುರಾಜ ಮೊನ್ನೆ ಬಾಗಲಕೋಟೆಗೆ ಬಂದಿದ್ದ. ಹುನಗುಂದದಲ್ಲಿ ಪ್ಲಾಟಿನ ವ್ಯವಹಾರ ಮಾಡಿ ಅವನು ತೆಗೆದುಕೊಂಡ ಬಿಳಿ ಕಾರು ನಮ್ಮ ಓಣಿಯಲ್ಲಿ ತಿರುಗಲಿಲ್ಲ. ನಡೆದು ಬಂದು, ನನ್ನ ಕೈಯ ಚಹಾ ಕುಡಿದು, ಚೀಲದಿಂದ ಒಂದು ಕಾಗದ ತೆಗೆದ. ಮಂಡಳಿ ಮುರಿಯಲು ಒಪ್ಪಿಗೆ. ಮುರಿದ ಮೇಲೆ ರಸ್ತೆಗೆ ಹತ್ತಿದ ಒಂದೂವರೆ ಎಕರೆ ಅವನು ತಂದ ಖರೀದಿ ಪಾರ್ಟಿಗೆ, ಉಳಿದದ್ದರಲ್ಲಿ ಅವರವರ ಮನೆಯ ಕೆಳಗಿನ ನೆಲ ಅವರವರ ಹೆಸರಿಗೆ. ಅದರ ಮೇಲೆ ಮನೆಗಿಷ್ಟು ಎಂದು ರೊಕ್ಕ. ಇಪ್ಪತ್ತೊಂಬತ್ತು ಸಹಿ ಆಗಿದ್ದವು. ನಿನ್ನ ಕಂಬಳಿಯ ಮೇಲೆ ಮೈಗೆ ಮೈ ಹಚ್ಚಿ ಕೂರುವ ಇಪ್ಪತ್ತೊಂಬತ್ತು ಮನೆ, ಸುರೇಖಾ, ಒಬ್ಬರೂ ನಿನಗೆ ಹೇಳಿಲ್ಲ.

ಮೂವತ್ತನೆಯದು ನಾನು ಮಾಡಿದೆ. ಹೌದು, ಮಾಡಿದೆ. ನಿನ್ನ ಕಾಗದ ಮೇಜಿನ ಮೇಲಿತ್ತು. ‘ನಾಚಿಕೆಯಾಗಬೇಕು’ ಎಂಬ ಸಾಲನ್ನು ಇನ್ನೊಮ್ಮೆ ಓದಿ ಸಹಿ ಹಾಕಿದೆ. ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಆದರೆ ಮೂವತ್ತೊಂದನೆಯ ಸಾಲು ಆಮೇಲೆ ಕಣ್ಣಿಗೆ ಬಿತ್ತು. ಅಲ್ಲಿ ‘ಹುಚ್ಚವ್ವ, ಮನೆ ನಂಬರ್ ಒಂದು’ ಎಂದು ಮೊದಲೇ ಟೈಪು ಮಾಡಿಸಿದ್ದ. ಹೆಬ್ಬೆಟ್ಟಿನ ಜಾಗ ಖಾಲಿ. ‘ಆಯಿ ಒಪ್ಪತಾಳೇನು?’ ಎಂದು ಕೇಳಿದೆ. ‘ಆಯಿಗೆ ಏನ್ ತಿಳಿತೈತಿ ಅಕ್ಕಾ, ಹೆಬ್ಬಟ್ಟ ಒತ್ತೂದ ಅಷ್ಟ’ ಎಂದು ನಕ್ಕ.

ನಾನು ಓದಿ, ತಿಳಿದು, ಸಿಟ್ಟಿನಿಂದ ಸಹಿ ಮಾಡಿದೆ. ಅದು ನನ್ನ ಹಕ್ಕು. ಓದಲು ಬಾರದ ಮುದುಕಿಯ ಹೆಬ್ಬೆಟ್ಟನ್ನು ಎರಡನೆಯ ಸಲ ಕದಿಯುವುದು ಬೇರೆ. ಅದರಲ್ಲಿ ನಾನಿಲ್ಲ.

ಈ ಕಾಗದವನ್ನು ಮಹಾನವಮಿ ಅಮವಾಸ್ಯೆಯ ಸಭೆಯಲ್ಲಿ ಓದು. ನನ್ನ ಸಹಿಯ ಮಾತನ್ನೂ ಸೇರಿಸಿ ಓದು, ನನ್ನ ಮಾನ ಹೋದರೆ ಹೋಗಲಿ. ಅದಕ್ಕೂ ಮೊದಲು ಆಯಿಗೆ ಓದಿ ಹೇಳು.

ತಬಸುಮ


ನವನಗರ
೭ ಅಕ್ಟೋಬರ್ ೨೦೨೪

ಕಾರ್ಯದರ್ಶಿಯವರೇ,

ಲಲಿತಾಗೆ ಫೋನು ಮಾಡಿದ್ದೆ. ಎರಡನೆಯ ತಾರೀಖಿನ ಸಭೆಯಲ್ಲಿ ಏನೇನು ಓದಿದಿರಿ ಎಂದು ಕೇಳಿದೆ. ನೀರಿನ ಟಾಕಿ ತೊಳೆಯುವ ಪಾಳಿ, ಬೀದಿ ದೀಪದ ಅರ್ಜಿ, ಇಷ್ಟೇ ಅಂದಳು. ‘ನಿನ್ನ ಕಾಗದ ಬಂದಿತ್ತೇನು?’ ಎಂದು ಅವಳೇ ನನ್ನನ್ನು ಕೇಳಿದಳು.

ಸ್ಪೀಡ್ ಪೋಸ್ಟಿನ ಚೀಟಿ ನನ್ನ ಹತ್ತಿರ ಇದೆ. ಹದಿಮೂರನೆಯ ತಾರೀಖು ನಿನ್ನ ಸಹಿಯಾಗಿದೆ.

ನನ್ನ ಅರ್ಜಿಯ ಒಂದೊಂದು ಅಕ್ಷರವನ್ನೂ ನಲವತ್ತು ಮನೆಯ ಮುಂದೆ ಓದಿದೆಯಲ್ಲ, ನನ್ನ ಬಾಡಿಗೆ ಮನೆಗಳ ಕಥೆ, ನನ್ನ ಗಂಡನ ದುಡಿಮೆ, ಎಲ್ಲ. ಆಗ ನಿಯಮ ನಿಯಮವೇ ಆಗಿತ್ತು. ನಿನ್ನ ತಮ್ಮನ ಹೆಸರು ಬಂದ ಕೂಡಲೇ ಕಾಗದ ಕಪಾಟು ಸೇರಿತು. ನನಗೆ ಕಂಬಳಿ, ಅವನಿಗೆ ಕಪಾಟು. ಬಹಳ ಚೆಂದದ ಮಂಡಳಿ. ಮೈದುನರು ಕೂಡ ಇದನ್ನೇ ಮಾಡಿದ್ದರು, ಅವರು ಇಷ್ಟು ಭಾಷಣ ಮಾಡಿರಲಿಲ್ಲ.

ಉತ್ತರ ಬೇಕು.

ತಬಸುಮ


ಹುಚ್ಚವ್ವನ ದಿನ್ನೆ
೧೦ ಅಕ್ಟೋಬರ್ ೨೦೨೪

ತಬಸುಮ,

ಹೌದು, ಓದಲಿಲ್ಲ.

ನಿನಗೆ ತಮ್ಮನಿಲ್ಲ. ಅವನ ಹಾಲು ಹಲ್ಲು ಬಿದ್ದಾಗ ಮಾಳಿಗೆಯ ಮೇಲೆ ಎಸೆದವಳು ನಾನು. ಆಯಿಗೆ ಎಂಬತ್ತಾರು. ಅವಳು ಸಾಕಿ ಬೆಳೆಸಿದ ಮೊಮ್ಮಗ ಅವಳ ನೆಲ ಮಾರಲು ಹೊರಟಿದ್ದಾನೆ ಎಂದು ಅವಳ ಮುಂದೆ, ಅಷ್ಟು ಜನರ ಮುಂದೆ, ನಾನು ಹೇಗೆ ಓದಲಿ?

ಸುಮ್ಮನೆ ಕೂತಿಲ್ಲ. ಅವನನ್ನು ಬೀರಪ್ಪನ ಗುಡಿಗೆ ಕರೆದುಕೊಂಡು ಹೋದೆ. ದೇವರ ಅರಿಶಿನದ ಭಂಡಾರ ಕೈಗೆ ಕೊಟ್ಟೆ. ‘ನಾ ಆಯಿ ಹತ್ರ ಈ ಕಾಗದಾ ತಗೊಂಡ ಹೋಗಂಗಿಲ್ಲ’ ಎಂದು ಭಂಡಾರ ಹಿಡಿದು ಆಣೆ ಮಾಡಿದ. ನಮ್ಮ ಕುಲದಲ್ಲಿ ಭಂಡಾರ ಹಿಡಿದು ಸುಳ್ಳು ಹೇಳಿದವನನ್ನು ನಾನು ಈತನಕ ಕಂಡಿಲ್ಲ. ಕೋರ್ಟಿನ ಕಾಗದಕ್ಕಿಂತ ಅದು ನಮಗೆ ಗಟ್ಟಿ. ಆಯಿಯ ಹೆಬ್ಬೆಟ್ಟಿಲ್ಲದೆ ಮೂವತ್ತೊಂದು ಆಗುವುದಿಲ್ಲ, ಉಳಿದ ಹತ್ತು ಮನೆಯವರು ಸತ್ತರೂ ಒಪ್ಪುವವರಲ್ಲ. ಮಾತು ಮುಗಿಯಿತು. ಮುಗಿದ ಮಾತನ್ನು ಓದಿ ಮನೆ ಒಡೆಯುವುದು ನನಗೆ ಬೇಡ.

ಸಹಿ ಹಾಕಿ, ಆಮೇಲೆ ಊರಿಗೆ ಎಚ್ಚರಿಕೆ ಕೊಡುವ ನೀನು ನನಗೆ ನ್ಯಾಯ ಹೇಳಬೇಡ.

ಸುರೇಖಾ


ಹುಚ್ಚವ್ವನ ದಿನ್ನೆ
೨೫ ಅಕ್ಟೋಬರ್ ೨೦೨೪

ತಬಸುಮ,

ಈ ಬೆಳಿಗ್ಗೆ ಮುತ್ತುರಾಜನ ವಕೀಲರಿಂದ ಮಂಡಳಿಗೆ ಲಕೋಟೆ ಬಂತು. ದೀಪಾವಳಿ ಅಮವಾಸ್ಯೆಯ ಸಭೆಯಲ್ಲಿ ಓದಬೇಕಾದ ಒಪ್ಪಿಗೆ ಪತ್ರ. ಮೂವತ್ತೊಂದು ಸಾಲು, ಮೂವತ್ತೊಂದೂ ತುಂಬಿವೆ. ಕೊನೆಯದು ನೀಲಿ ಹೆಬ್ಬೆಟ್ಟು.

ಆಯಿಯ ಮನೆಗೆ ಓಡಿದೆ. ಕಟ್ಟೆಯ ಮೇಲೆ ಕುಳಿತು ಶೇಂಗಾ ಒಡೆಯುತ್ತಿದ್ದಳು. ಹೆಬ್ಬೆರಳಿನ ಉಗುರಿನ ಸಂದಿನಲ್ಲಿ ಮಸಿ ಇನ್ನೂ ಹಾಗೇ ಇತ್ತು. ‘ಇದೇನ ಆಯಿ?’ ಅಂದೆ. ‘ಪಗಾರದ್ದು. ಮುದುಕರು ಬದುಕ್ಯಾರೋ ಸತ್ತಾರೋ ಅಂತ ಬರಕೊಳ್ಳಾಕ ಒಬ್ಬ ಗುಮಾಸ್ತ ಬಂದಿದ್ದ. ಬದುಕೀನಪಾ ಅಂತ ಒತ್ತಿ ಕೊಟ್ಟೆ’ ಎಂದು ನಕ್ಕಳು. ಪಿಂಚಣಿಗೆ ಪ್ರತಿ ವರ್ಷ ಹಾಗೆ ಒತ್ತುತ್ತಾಳೆ. ಓದಿ ಹೇಳು ಎಂದು ಕೇಳಿದಳಂತೆ, ಅವನು ಪಿಂಚಣಿಯದೇ ಓದಿದನಂತೆ.

ಮುತ್ತುರಾಜನ ಆಫೀಸಿಗೆ ಹೋದೆ. ಬಾಗಿಲಲ್ಲೇ ಕೂಗಿದೆ. ಕುರ್ಚಿ ಬಿಟ್ಟು ಏಳಲಿಲ್ಲ ಅವನು. ‘ನಾ ಹೋಗಂಗಿಲ್ಲ ಅಂತ ಆಣಿ ಮಾಡಿದ್ದೆ ಅಕ್ಕಾ. ನಾ ಹೋಗಿಲ್ಲಲಾ. ನಮ್ಮ ಗುಮಾಸ್ತ ಹೋಗ್ಯಾನ’ ಅಂದ. ಅವನ ಮುಖದಲ್ಲಿ ಹೆದರಿಕೆ ಒಂದು ಎಳೆಯೂ ಇರಲಿಲ್ಲ. ದೇವರನ್ನೂ ಸಬ್ ರಿಜಿಸ್ಟ್ರಾರ್ ಆಫೀಸಿನ ಹಾಗೆ ದಾಟಿಬಿಟ್ಟಿದ್ದಾನೆ.

ನಿನ್ನ ಕಾಗದ ಓದಿದ್ದರೆ ಆಯಿ ಯಾವ ಗುಮಾಸ್ತನಿಗೂ ಬೆರಳು ಕೊಡುತ್ತಿರಲಿಲ್ಲ. ಇದನ್ನು ನೀನು ಬರೆಯುವ ಮೊದಲು ನಾನೇ ಬರೆಯುತ್ತಿದ್ದೇನೆ. ನನ್ನ ಮೇಲೆ ನನಗೆ ಎಷ್ಟು ಸಿಟ್ಟು ಬಂದಿದೆ ಎಂದರೆ ಮಧ್ಯಾಹ್ನ ಊಟಕ್ಕೆ ಕೂತವಳು ತಟ್ಟೆ ದೂಡಿ ಎದ್ದೆ.

ಆಯಿಗೆ ಇನ್ನೂ ಹೇಳಿಲ್ಲ. ಏನು ಮಾಡಲಿ?

ಸುರೇಖಾ


ನವನಗರ
೨೮ ಅಕ್ಟೋಬರ್ ೨೦೨೪

ಓದು.

ತಬಸುಮ


ಹುಚ್ಚವ್ವನ ದಿನ್ನೆ
೩ ನವೆಂಬರ್ ೨೦೨೪

ತಬಸುಮ,

ಓದಿದೆ.

ಹಬ್ಬದ ಅಮವಾಸ್ಯೆ, ಆದರೂ ನಲವತ್ತು ಮನೆಯಿಂದಲೂ ಜನ ಬಂದಿದ್ದರು. ಮಂಡಳಿ ಮುರಿಯುವ ದಿನ ಎಂದು ಎಲ್ಲರಿಗೂ ಸುದ್ದಿ ಮುಟ್ಟಿತ್ತು, ಆಯಿಯ ಹೊರತು. ಮುತ್ತುರಾಜ ಕಾರು ರಸ್ತೆಗೇ ನಿಲ್ಲಿಸಿ ಅದಕ್ಕೆ ಒರಗಿ ನಿಂತಿದ್ದ.

ಕಂಬಳಿಯ ಮೇಲೆ ನಾನು ಕೂರಲಿಲ್ಲ. ನಿಂತೇ ಮೊದಲು ನಿನ್ನ ಸೆಪ್ಟೆಂಬರಿನ ಕಾಗದ ಓದಿದೆ. ಇಪ್ಪತ್ತೊಂಬತ್ತು ಸಹಿಯ ಮಾತು ಬಂದಾಗ ಜನ ತಲೆ ತಗ್ಗಿಸಿದರು. ನಿನ್ನ ಸಹಿಯ ಮಾತು ಬಂದಾಗ ಆಯಿ ಒಮ್ಮೆ ಕಣ್ಣು ತೆರೆದು ಮುಚ್ಚಿದಳು. ಮೂವತ್ತೊಂದನೆಯ ಸಾಲಿನ ಮಾತಿಗೆ ಬಂದಾಗ ಕಣ್ಣು ತೆರೆದವಳು ಮತ್ತೆ ಮುಚ್ಚಲಿಲ್ಲ. ‘ಇದು ಹದಿಮೂರನೆಯ ಸೆಪ್ಟೆಂಬರಿಗೆ ಬಂದಿತ್ತು, ನಾನು ಮುಚ್ಚಿಟ್ಟೆ’ ಎಂದೆ. ಆಮೇಲೆ ಮುತ್ತುರಾಜನ ಪತ್ರ ತೆಗೆದು ಹೆಸರು ಕೂಗತೊಡಗಿದೆ. ಕರಾರಿನಲ್ಲಿ ಇರುವುದೇ ಹಾಗೆ.

‘ಹುಲ್ಲಪ್ಪ, ಮನಿ ನಂಬರ್ ನಾಕು.’

‘ಹೌದ್ರಿ’ ಎಂದ, ನೆಲ ನೋಡುತ್ತ.

ಒಬ್ಬೊಬ್ಬರೂ ಹೌದು ಎಂದರು. ನಿನ್ನ ಹೆಸರು ಬಂದಾಗ, ಊರಲ್ಲಿ ಇಲ್ಲದವರ ಲಿಖಿತ ಒಪ್ಪಿಗೆ ನಡೆಯುತ್ತದೆ ಎಂದು ವಕೀಲರು ಹೇಳಿದರು. ನಾನು ಹೌದು ಎಂದು ಬರೆದುಕೊಂಡೆ. ಆಮೇಲೆ ಕೊನೆಯ ಹೆಸರು.

‘ಹುಚ್ಚವ್ವ, ಮನಿ ನಂಬರ್ ಒಂದು.’

ಆಯಿ ಅತ್ತಿತ್ತ ನೋಡಿದಳು. ‘ಯಾವ ಹುಚ್ಚವ್ವ?’ ಅಂದಳು.

ನಾನು ಕಾಗದವನ್ನು ಅವಳ ಮುಂದೆ ಹಿಡಿದು ಹೆಬ್ಬೆಟ್ಟು ತೋರಿಸಿದೆ. ಅವಳು ತನ್ನ ಬೆರಳು ನೋಡಿಕೊಂಡಳು, ಕಾಗದ ನೋಡಿದಳು. ಲಲಿತಾಳ ಹೆಗಲು ಹಿಡಿದು ಎದ್ದು ರಸ್ತೆಯ ತನಕ ನಡೆದಳು.

‘ಮುತ್ತೂ, ನೀ ಬಂದಿದ್ದೇನು ಇದನ್ನ ಒತ್ತಿಸಗೊಳ್ಳಾಕ?’

‘ನಾ ಬಂದಿಲ್ಲ ಆಯಿ.’

‘ಬೀರಪ್ಪನ ಮುಂದೂ ಹಿಂಗ ಹೇಳ್ತಿಯೇನು?’

ಆಯಿ ತಿರುಗಿ ಎಲ್ಲರಿಗೂ ಕೇಳುವಂತೆ ‘ಇಲ್ಲ ಅಂತ ಬರಕೋರಿ. ಮನಿ ನಂಬರ್ ಒಂದು, ಇಲ್ಲ’ ಎಂದಳು. ವಕೀಲರು ಏನೋ ಹೇಳಲು ಹೋದರು. ಲಲಿತಾ ‘ಸುಮ್ನ ಕುಂದರ್ರಿ ಸಾಹೇಬ್ರ’ ಎಂದು ಗದರಿದಳು.

ಲೆಕ್ಕ ಮೂವತ್ತಕ್ಕೆ ನಿಂತಿತು. ಮಂಡಳಿ ಉಳಿಯಿತು. ಆದರೆ ತಬಸುಮ, ಆ ಮೂವತ್ತರಲ್ಲಿ ಒಬ್ಬರೂ ಎದ್ದು ‘ನಾನೂ ಇಲ್ಲ’ ಎನ್ನಲಿಲ್ಲ. ಮುದುಕಿಗೆ ಮೋಸವಾದದ್ದನ್ನು ಕಣ್ಣಾರೆ ಕಂಡು, ಅಯ್ಯೋ ಎಂದು ಬಾಯಿ ಬಡಿದುಕೊಂಡು, ಮನೆಗೆ ಹೋಗಿ ಹಬ್ಬದ ಹೋಳಿಗೆ ತಿಂದರು. ಈಗ ಈ ನೆಲ ನಿಂತಿರುವುದು ಎಂಬತ್ತಾರು ವರ್ಷದ ಒಂದು ‘ಇಲ್ಲ’ದ ಮೇಲೆ. ಅವಳು ಕಣ್ಣು ಮುಚ್ಚಿದರೆ ಆ ಗುತ್ತಿಗೆ ಯಾರ ಹೆಸರಿಗೆ ಬರುತ್ತದೆ ಎಂದು ಮುತ್ತುರಾಜ ಆಗಲೇ ಲೆಕ್ಕ ಹಾಕಿರುತ್ತಾನೆ. ಅವನೂ ವಾರಸುದಾರನೇ.

ಜನ ಹೋದ ಮೇಲೆ ಆಯಿಯ ಕಾಲು ಹಿಡಿದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ.

‘ನನ್ನ ಮೈದುನರು ಸಾಲಿ ಕಲಿತವ್ರು. ಅವರೂ ಓದಿ ಹೇಳಲಿಲ್ಲ. ನಿನಗ ಸಾಲಿ ಕಲಿಸಿದಾಕಿ ನಾ. ನೀನೂ ಓದಿ ಹೇಳಲಿಲ್ಲ. ಅವರು ಆರ ಎಕರೆ ತಗೊಂಡ್ರು. ನೀ ಏನ ತಗೊಂಡೆವಾ?’

ಸಿಕ್ಕಾ, ದಫ್ತರ ಎಲ್ಲ ಲಲಿತಾಗೆ ಒಪ್ಪಿಸಿದ್ದೇನೆ. ಇನ್ನು ಮೇಲೆ ಅವಳೇ ಕಾರ್ಯದರ್ಶಿ. ಆಯಿ ನನ್ನ ಮನೆಯ ರೊಟ್ಟಿ ಮುಟ್ಟುತ್ತಿಲ್ಲ.

ನಿನ್ನ ಹೆಸರನ್ನು ತೆಗಿ ಎಂದು ನಾನು ಕೇಳುವುದಿಲ್ಲ. ಕೇಳುವ ಮುಖ ನನಗಿಲ್ಲ.

ಸುರೇಖಾ


ನವನಗರ
೮ ಡಿಸೆಂಬರ್ ೨೦೨೪

ಸುರೇಖಾ,

ಕಳೆದ ಭಾನುವಾರದ ಅಮವಾಸ್ಯೆಗೆ ನಾನು ದಿನ್ನೆಗೆ ಬಂದಿದ್ದೆ. ನಿನ್ನ ಮನೆಗೆ ಬರಲಿಲ್ಲ. ಅದು ನಿನಗೆ ಗೊತ್ತಾಗಿಯೇ ಇರುತ್ತದೆ, ಕಿಟಕಿಯ ಪರದೆ ಸರಿದದ್ದನ್ನು ನಾನೂ ನೋಡಿದೆ.

ಹದಿನೇಳನೆಯ ನಂಬರ್ ಬಿಟ್ಟುಕೊಟ್ಟೆ. ನಾಲ್ಕು ಲಕ್ಷ ಹತ್ತು ಸಾವಿರಕ್ಕೇ. ಗುತ್ತಿಗೆ ಹೋದರೆ ಅದರ ಜೊತೆ ನನ್ನ ಸಹಿಯೂ ಹೋಗುತ್ತದೆ. ಮೂವತ್ತು ಇದ್ದದ್ದು ಇಪ್ಪತ್ತೊಂಬತ್ತು ಆಯಿತು. ಲಲಿತಾ ಕಣ್ಣಲ್ಲಿ ನೀರು ತಂದುಕೊಂಡು ತ್ಯಾಗ ಅದು ಇದು ಎಂದು ಶುರು ಮಾಡಿದಳು. ಇನ್ನೊಮ್ಮೆ ಆ ಶಬ್ದ ಎತ್ತಿದರೆ ಚಪ್ಪಲಿ ತೆಗೆಯುತ್ತೇನೆ ಎಂದೆ. ತ್ಯಾಗವಲ್ಲ ಇದು. ಮುತ್ತುರಾಜನ ಕಾಗದದಲ್ಲಿ ಆಯಿಯ ಕದ್ದ ಹೆಬ್ಬೆಟ್ಟಿನ ಮೇಲೆ ನನ್ನ ಸಹಿ ಕೂತಿದೆ ಎಂದು ನೆನೆದರೆ ಕೈ ತೊಳೆದುಕೊಳ್ಳುವ ಹಾಗಾಗುತ್ತಿತ್ತು, ಅಷ್ಟೇ. ನನ್ನ ಅರ್ಜಿಯಲ್ಲಿ ಬರೆದದ್ದು ಈಗಲೂ ಸರಿ. ಬಿಟ್ಟು ಹೋಗುವವರನ್ನು ನಿಮ್ಮ ಕರಾರು ಬರಿಗೈಯಲ್ಲಿ ಪೇಟೆಗೆ ತಳ್ಳುತ್ತದೆ. ಅದಕ್ಕೆ ನೀವು ಯಾರೂ ಉತ್ತರ ಹುಡುಕಿಲ್ಲ.

ಆಯಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಸಹಿ ಯಾಕೆ ಮಾಡಿದೆ ಎಂದು ಕೇಳಲಿಲ್ಲ. ‘ಅಲ್ಲೆ ಎಷ್ಟನೇ ಮನಿವಾ?’ ಎಂದು ಕೇಳಿದಳು. ಐದನೆಯದು ಅಂದೆ. ‘ನನ್ನ ಕಡೆ ಇನ್ನೊಂದ ನಾಕ ಎಕರೆ ಇದ್ದಿದ್ರ ಬಾಗಲಕೋಟ್ಯಾಗ ಬಿಡ್ತಿದ್ದೆ’ ಅಂದಳು. ಆಗ ನಾನು ಅತ್ತೆ, ಬರೆಯಲು ನನಗೆ ಸಂಕೋಚವಿಲ್ಲ.

ಮನೆ ಬೋರವ್ವನಿಗೆ ಹೋಯಿತು. ಮನೆಗಾಗಿ ಕಾಯುವವರ ಪಟ್ಟಿಯಲ್ಲಿ ಮೊದಲು ಇದ್ದವಳು ಅವಳೇ. ಇಳಕಲ್ಲಿನಲ್ಲಿ ತಗಡಿನ ಶೆಡ್ಡಿಗೆ ಬಾಡಿಗೆ ಕೊಟ್ಟು ಇದ್ದಳಂತೆ, ಕೂಲಿ ಮಾಡುವವಳು, ಎರಡು ಹೆಣ್ಣುಮಕ್ಕಳು. ಮನೆಯ ಬೆಲೆಯನ್ನು ಮಂಡಳಿಗೆ ಕಂತಿನಲ್ಲಿ ಕಟ್ಟುತ್ತಾಳೆ. ಗುತ್ತಿಗೆಯ ಕಾಗದವನ್ನು ಹೊಸಬರಿಗೆ ಬಿಟ್ಟು ಹೋಗುವವರೇ ಓದಿ ಹೇಳಬೇಕು ಎಂದು ಲಲಿತಾ ನನ್ನ ಕೈಗೆ ಕೊಟ್ಟಳು. ಬಾಗಿಲಲ್ಲಿ ನಿಂತು ಓದಿದೆ. ತೊಂಬತ್ತೊಂಬತ್ತು ವರ್ಷ ಎಂಬಲ್ಲಿ ಬೋರವ್ವ ನನ್ನನ್ನು ತಡೆದಳು.

‘ಅಂದ್ರ ನನ್ನ ಮೊಮ್ಮಕ್ಕಳ ತನಕಾ?’

‘ಹೌದವಾ.’

‘ನಡುವ ಮಾಲಕ ಬಂದು ಖಾಲಿ ಮಾಡ್ರಿ ಅಂದ್ರ?’

‘ಮಾಲಕ ಯಾರೂ ಇಲ್ಲ.’

‘ಬಾಡಿಗಿ ಹೆಚ್ಚ ಮಾಡಾವ್ರು?’

‘ನೀವ ಎಲ್ಲಾರೂ ಕೂಡಿ ಅಮಾಸಿಗೆ ಕುಂತು ಮಾಡಿದ್ರ ಅಷ್ಟ.’

ಅವಳು ನನ್ನ ಮುಖ ನೋಡಿದಳು, ಹುಡುಗಾಟಿಕೆ ಮಾಡುತ್ತಿದ್ದೇನೋ ಎಂದು. ‘ಇನ್ನೊಮ್ಮೆ ಓದ್ರಿ’ ಅಂದಳು. ಓದಿದೆ. ಮಕ್ಕಳನ್ನು ಕರೆದು ಕೂರಿಸಿಕೊಂಡು ಮೂರನೆಯ ಸಲ ಓದಿಸಿದಳು.

ಮೂರನೆಯ ಸಲ ಓದುವಾಗ ನನಗೆ ಬಂದದ್ದು ದುಃಖವಲ್ಲ, ಸುರೇಖಾ, ಹೊಟ್ಟೆ ಉರಿ. ಈ ಸಾಲುಗಳನ್ನು ೨೦೦೫ರಲ್ಲಿ ಇದೇ ಬಾಗಿಲಲ್ಲಿ ಅಬ್ಬಾ ಓದಿದಾಗ ನನಗೆ ಹದಿನೇಳು ವರ್ಷ, ಆಕಳಿಸಿದ್ದೆ. ಬೇರೆಯವಳಿಗೆ ಓದಿ ಹೇಳುವಾಗಲೇ ಅದರ ಅರ್ಥ ನನ್ನ ಕಿವಿಗೆ ಬಿದ್ದದ್ದು. ನಾನು ದುಡಿಯುವ ಊರಿನಲ್ಲಿ, ಅಷ್ಟು ಬೀದಿ, ಅಷ್ಟು ಸೆಕ್ಟರು, ಇಂಥ ಒಂದು ಸಾಲನ್ನು ನನಗೆ ಓದಿ ಹೇಳುವವರು ಒಬ್ಬರೂ ಇಲ್ಲ. ಖಾಲಿ ಬಿದ್ದ ಪ್ಲಾಟುಗಳಿಗೆ ತಂತಿ ಸುತ್ತಿ ಬೆಲೆ ಏರಲಿ ಎಂದು ಕಾಯುತ್ತಿದ್ದಾರೆ. ದಿನಾ ಅದರ ಪಕ್ಕದಲ್ಲೇ ನಡೆದು ದವಾಖಾನೆಗೆ ಹೋಗುತ್ತೇನೆ.

ನಾನು ನಿನ್ನನ್ನು ಕ್ಷಮಿಸಿಲ್ಲ. ನೀನೂ ನನ್ನನ್ನು ಕ್ಷಮಿಸಬೇಕಿಲ್ಲ. ಬೋರವ್ವನ ಹತ್ತಿರ ಮುತ್ತುರಾಜ ಈ ವಾರವೇ ಬರುತ್ತಾನೆ, ನೋಡುತ್ತಿರು. ಅವಳಿಗೂ ಓದಲು ಬರುವುದಿಲ್ಲ. ಅವನು ತಂದ ಕಾಗದವನ್ನು ಅವಳಿಗೆ ಓದಿ ಹೇಳು. ಸಿಕ್ಕಾ ಹೋಗಿದೆ, ಕಣ್ಣು ಹೋಗಿಲ್ಲವಲ್ಲ.

ಇದಕ್ಕೆ ಉತ್ತರ ಬರೆಯಬೇಡ. ನಿನ್ನೆ ನಮ್ಮ ಮನೆಯ ಮಾಲೀಕ ಬಂದಿದ್ದ. ಮನೆ ಮಾರಿದ್ದಾನಂತೆ. ಮೂವತ್ತೊಂದನೆಯ ತಾರೀಖಿನ ಆಚೆ ಈ ವಿಳಾಸದಲ್ಲಿ ನಾನಿರುವುದಿಲ್ಲ.

ತಬಸುಮ